ತವರು ಸೀರೆ ಬರುವ ದಿಕ್ಕು

ಹಸಿ ಬಿದಿರನ್ನು ಪಾದದಡಿ ಒತ್ತಿ ಹಿಡಿದು ಗೋವಿಂದರಾಜು ಮಚ್ಚಿನಿಂದ ಸೀಳುತ್ತಿದ್ದ. ತಮಟೆಯ ಚಿನ್ನರಾಜ್ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತ.

“ಗೋವಿಂದಣ್ಣ, ಕೋಡಿ ಸೀರೆ ಯಾವ ಕಡೆಯಿಂದ ಬತ್ತೈತೆ? ನಾವು ಯಾವ ತುದೀಲಿ ಓಗಿ ನಿಂತ್ಕಬೇಕು?”

“ಅದನ್ನ ನನ್ನ ಯಾಕ್ಲಾ ಕೇಳ್ತೀಯ? ನಾನೇನು ಬಸ್‌ಸ್ಟ್ಯಾಂಡ್ನಾಗೆ ಟೈಮ್ ಕೂಗೋನಾ?”

“ಮನೆಗೆ ದೊಡ್ಡ ಅಳಿಯ ನೀವು. ಇನ್ಯಾರನ್ನ ಕೇಳ್ಲಿ?”

ಗೋವಿಂದರಾಜುವಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಆದರೆ ಈಗ ಅದು ಬಂದದ್ದು ಚಿನ್ನರಾಜ್‌ನ ಮೇಲಲ್ಲ, ತನಗೆ ಉತ್ತರ ಗೊತ್ತಿಲ್ಲವಲ್ಲ ಎಂಬುದಕ್ಕೆ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮುತ್ತೈದೆ ಸತ್ತರೆ ಅವಳ ತವರಿಂದ ಹೊಸ ಸೀರೆ ಬರಬೇಕು. ಅಣ್ಣನೋ ತಮ್ಮನೋ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಬೀದಿಯ ತುದಿಗೆ ಬಂದು ನಿಲ್ಲುತ್ತಾನೆ, ತಮಟೆಯವರು ಎದುರು ಹೋಗಿ ಬಡಿಯುತ್ತ ಮನೆಗೆ ಕರೆತರುತ್ತಾರೆ. ಆ ಸೀರೆ ಮೈಮೇಲೆ ಬಿದ್ದ ನಂತರವೇ ಹೆಣ ಎತ್ತುವುದು. ತಮಿಳು ಸೀಮೆಯ ಈ ಪಾಪಿರೆಡ್ಡಿಪಟ್ಟಿಯ ಸುತ್ತಮುತ್ತ ತಮಿಳರಾಗಲಿ ಕನ್ನಡದವರಾಗಲಿ ಎಲ್ಲರೂ ಅದನ್ನು ಕೋಡಿ ಅಂತಲೇ ಕರೆಯುತ್ತಾರೆ. ಈ ಬೀದಿಗೆ ಇರುವುದು ಎರಡೇ ತುದಿ. ಒಂದು ಬಸ್ಸು ಬರುವ ರಸ್ತೆಯ ಕಡೆ, ಇನ್ನೊಂದು ಅಣೆಕಟ್ಟಿನ ಕಡೆ. ಒಳಗೆ ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿದ್ದ ತವಮಣಿಯ ತವರು ಈ ಎರಡೂ ಕಡೆ ಇರಲಿಲ್ಲ. ಅದು ಸಮುದ್ರದ ಆಚೆ, ಸಿಲೋನಿನ ಮನ್ನಾರ್ ಕಡೆಯ ಒಂದು ಹಳ್ಳಿ. ಆ ಹಳ್ಳಿ ಈಗ ಉಳಿದಿದೆಯೋ ಇಲ್ಲವೋ ಹೇಳುವವರಿರಲಿಲ್ಲ.

ತವಮಣಿ ಗೋವಿಂದರಾಜುವಿನ ಹೆಂಡತಿ ಗಂಗಾಲಕ್ಷ್ಮಿಯ ತಮ್ಮ ತಿಮ್ಮರಾಜುವಿನ ಹೆಂಡತಿ. ನಿನ್ನೆ ಮಧ್ಯಾಹ್ನ ಬಿತ್ತನೆಯ ಅರಿಸಿನ ಆರಿಸುತ್ತ ಕುಳಿತವಳು, ಎದೆ ಹಿಡಿದುಕೊಂಡಂತಾಗುತ್ತಿದೆ ಎಂದು ಗೋಡೆಗೆ ಒರಗಿದಳಂತೆ. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ತಿಳಿದು ಗೋವಿಂದರಾಜು ಪಾಲಕೋಡಿನ ಹತ್ತಿರದ ತನ್ನ ಊರಿಂದ ಹೆಂಡತಿಯನ್ನು ಕರೆದುಕೊಂಡು ಬಂದವನು, ಇಷ್ಟು ಹೊತ್ತಾದರೂ ಒಳಗೆ ಕಾಲಿಟ್ಟಿರಲಿಲ್ಲ. ಶಾಮಿಯಾನ ಹಾಕಿಸಿದ, ಕುರ್ಚಿ ತರಿಸಿದ, ಬಿದಿರು ಕಡಿಸಿದ, ಚಟ್ಟದ ಗಂಟು ಸರಿಯಿಲ್ಲ ಅಂತ ಇಬ್ಬರನ್ನು ಬೈದ. ಒಳಗೆ ಹೋಗಿ ಅವಳ ಮುಖ ನೋಡುವ ಕೆಲಸವೊಂದು ಬಿಟ್ಟು ಉಳಿದ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಂಡಿದ್ದ.

“ಅಳಿಯಾ, ವಸಿ ಒಳೀಕೆ ಬಾ,” ಎಂದು ಹೊಸ್ತಿಲಿಂದ ಮಾದಮ್ಮ ಕರೆದಳು.

ಮಾದಮ್ಮ ತಿಮ್ಮರಾಜುವಿಗೆ ದೊಡ್ಡಮ್ಮ. ಎಂಬತ್ತು ದಾಟಿದ ಮುದುಕಿ. ಆ ಬೀದಿಯಲ್ಲಿ ತೊಟ್ಟಿಲು ಕಟ್ಟುವುದರಿಂದ ಹಿಡಿದು ಮಣ್ಣಿಗೆ ಇಡುವವರೆಗೆ ಅವಳು ಹೇಳಿದ್ದೇ ಶಾಸ್ತ್ರ. ಕರೆದ ಮೇಲೆ ಹೋಗದೆ ಇರುವಂತಿರಲಿಲ್ಲ. ಗೋವಿಂದರಾಜು ಕೈ ಒರೆಸಿಕೊಂಡು ಒಳಗೆ ಹೋಗಿ, ಪೆಟ್ಟಿಗೆಯ ಕಡೆ ನೋಡದೆ ಗೋಡೆಯ ಬಳಿ ನಿಂತ. ತಿಮ್ಮರಾಜು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತು ಅದರ ಗಾಜನ್ನು ಟವೆಲಿನಿಂದ ಒರೆಸುತ್ತಿದ್ದ. ಒರೆಸಿದಷ್ಟೂ ಅದು ಮಂಜು ಕಟ್ಟುತ್ತಿತ್ತು.

“ಒತ್ತು ಇಳೀತೈತೆ. ನೀರು ಉಯ್ಯಬೇಕು,” ಎಂದಳು ಮಾದಮ್ಮ. “ಕೋಡಿ ಬರ್ದೆ ಎಂಗಪ್ಪಾ ಎತ್ತೋದು?”

“ನಾನು ತಂದಿವ್ನಲ್ಲ ದೊಡ್ಡವ್ವಾ,” ಎಂದು ಗಂಗಾಲಕ್ಷ್ಮಿ ಹಸಿರು ಸೀರೆಯ ಕವರ್ ಮುಂದೆ ಹಿಡಿದಳು.

“ನೀನು ಈ ಮನೆ ಮಗಳು ಕಣೇ. ನೀನು ತಂದದ್ದು ಗಂಡನ ಮನೆ ಸೀರೆ, ಅದು ಕೆಳೀಕೆ ಓಯ್ತದೆ. ಮೇಲೆ ಬೀಳೋದು ತವರ್ದು.” ಮುದುಕಿ ತಲೆಯಾಡಿಸಿದಳು. “ನಮ್ಮವ್ವನ ಊರೂ ಮೆಟ್ಟೂರು ಡ್ಯಾಮಿನ ನೀರಾಗೆ ಓಯ್ತು. ಊರು ಓದ್ರೂ ಜನ ನಂಗವಳ್ಳಿ ಕಡೆ ದಿಬ್ಬದ ಮ್ಯಾಲೆ ಇದ್ರು, ನಮ್ಮವ್ವ ಸತ್ತಾಗ ನಮ್ಮ ಮಾವ ಅಲ್ಲಿಂದ ಸೀರೆ ತಂದ. ಇವಳ್ದು ಊರೂ ಇಲ್ಲ, ಜನಾನೂ ಇಲ್ಲ. ಪಾವಂ.”

ಅಷ್ಟರಲ್ಲಿ ಹೊರಗೆ ಸದ್ದಾಯಿತು. ಅಣೆಕಟ್ಟಿನ ಪಕ್ಕದ ಸಿಲೋನ್ ನಿರಾಶ್ರಿತರ ಕ್ಯಾಂಪಿನವರು ಬಂದಿದ್ದರು. ಅವತ್ತು ಅಲ್ಲಿ ಹಾಜರಿ ತೆಗೆಯುವ ದಿನ, ಸಹಿ ಹಾಕದೆ ಹೊರಡುವಂತಿರಲಿಲ್ಲ, ಅದಕ್ಕೇ ತಡವಾಗಿತ್ತು. ಮುಂದೆ ಬಂದ ಮುದುಕ ನಾಗಲಿಂಗಂ, ತವಮಣಿ ಬಂದ ದೋಣಿಯಲ್ಲೇ ಬಂದವನು. ಅವನ ಕಂಕುಳಲ್ಲಿ ಒಂದು ಬಟ್ಟೆಯಂಗಡಿಯ ಚೀಲವಿತ್ತು. ಗೋವಿಂದರಾಜುವಿಗೆ ಅದನ್ನು ನೋಡಿ ಜೀವ ಬಂದಂತಾಯಿತು.

*

ತವಮಣಿ ಈ ಊರಿಗೆ ಮೊದಲು ಬಂದದ್ದು ತಿಮ್ಮರಾಜುವಿನ ಅರಿಸಿನದ ಹೊಲದಲ್ಲಿ ಕಳೆ ಕೀಳಲು. ಸಿಲೋನಿನಲ್ಲಿ ಎರಡನೆಯ ಸಲ ಯುದ್ಧ ಹತ್ತಿಕೊಂಡ ವರ್ಷ ಅದು, ತೊಂಬತ್ತನೆಯ ಇಸವಿ. ತಾಯಿ ಮಗಳು ದೋಣಿಯಲ್ಲಿ ರಾಮೇಶ್ವರಕ್ಕೆ ಬಂದು, ಅಲ್ಲೇ ಹತ್ತಿರದ ಮಂಡಪಂ ಊರಿನ ಕ್ಯಾಂಪಿನಲ್ಲಿ ಕೆಲವು ದಿನ ಇದ್ದು, ಅಲ್ಲಿಂದ ಸರ್ಕಾರದ ಬಸ್ಸಿನಲ್ಲಿ ಹೆಸರೂ ಕೇಳದ ಈ ಸೀಮೆಗೆ ಬಂದು ಇಳಿದಿದ್ದರು. ಅವರನ್ನು ದೋಣಿ ಹತ್ತಿಸಿದವನು ಅವಳ ಅಣ್ಣ ಸಿವರಾಸಾ. ಅವನು ಮಾತ್ರ ಹತ್ತಲಿಲ್ಲ. ಅಜ್ಜಿ ಮನೆ ಬಿಟ್ಟು ಬರಲು ಒಪ್ಪಿರಲಿಲ್ಲ, ಕೊಟ್ಟಿಗೆಯಲ್ಲಿ ಹಸು ತುಂಬಿದ ಗಬ್ಬವಾಗಿತ್ತು. “ಹಸು ಈಯಲಿ, ಅಜ್ಜಿಯನ್ನೂ ಕರೆದುಕೊಂಡು ಮುಂದಿನ ದೋಣಿಗೆ ಬರುತ್ತೇನೆ,” ಎಂದು ಮೊಣಕಾಲುದ್ದ ನೀರಿನಲ್ಲಿ ನಿಂತು ಹೇಳಿದವನು ಹಿಂದಕ್ಕೆ ತಿರುಗಿದ.

ಈ ಕಥೆ ಕೇಳಿದ ಊರಿನವರು ಯಾರೂ ಸಿವರಾಸಾನನ್ನು ದಡ್ಡ ಅನ್ನಲಿಲ್ಲ. ಒಕ್ಕಲುತನದ ಜನ. ಈಯುವ ಹಸುವನ್ನು ಕಟ್ಟಿಹಾಕಿ ಬರುವುದು ಎಂಥ ಕೆಲಸ ಎಂದೇ ಎಲ್ಲರೂ ಅಂದರು. ಮುಂದಿನ ದೋಣಿಗಳು ಬಂದವು, ಬೇರೆಯವರ ಅಣ್ಣಂದಿರು ಬಂದರು. ತಾಯಿ ಎರಡು ವರ್ಷ ಅಣೆಕಟ್ಟಿನ ರಸ್ತೆ ನೋಡುತ್ತಾ ಕೂತು ಹಾಗೆಯೇ ಹೋದಳು. ಆಮೇಲೆ ತಿಮ್ಮರಾಜು, ಕಟ್ಟಿಕೊಂಡರೆ ಅವಳನ್ನೇ ಎಂದು ಹಟ ಹಿಡಿದ. ಹುಡುಗಿಯ ಕಡೆಯವರನ್ನು ವಿಚಾರಿಸೋಣವೆಂದರೆ ಕಡೆಯೇ ಇಲ್ಲ ಎಂದು ಮನೆಯವರು ಗೊಣಗಿದರು. ಕೊನೆಗೆ ಮುರುಗನ ಗುಡಿಯಲ್ಲಿ ತಾಳಿ ಕಟ್ಟಿಸಿದರು.

ಮದುವೆಯಾದ ಹೊಸದರಲ್ಲಿ ಗೋವಿಂದರಾಜು ಈ ಮನೆಗೆ ಬಂದಾಗ ಅವಳು ಚೊಂಬು ತಂದು ಮುಂದಿಟ್ಟು, “ತಣ್ಣಿ ಕುಡಿಯುಂಗೋ ಅಣ್ಣೈ,” ಎಂದಳು. ನಾದಿನಿಯ ಗಂಡನನ್ನು ಅಣ್ಣ ಎನ್ನುವುದು ವಾಡಿಕೆಯೇ, ಅದರಲ್ಲಿ ವಿಶೇಷವಿಲ್ಲ. ಆದರೆ ಗೋವಿಂದರಾಜುವಿನ ಒಡಹುಟ್ಟಿದವರೆಲ್ಲ ಗಂಡೇ. ಹೆಂಡತಿಗೆ ತಂಗಿಯರಿರಲಿಲ್ಲ. ಒಂದು ಹೆಣ್ಣು ದನಿ ಅವನನ್ನು ಅಣ್ಣ ಎಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ಮುಖದಲ್ಲಿ ಏನೂ ತೋರಿಸಿಕೊಳ್ಳದೆ ನೀರು ಕುಡಿದ. ಬಾಯಾರಿಕೆ ಇಲ್ಲದಿದ್ದರೂ ಇನ್ನೊಂದು ಚೊಂಬು ಕೇಳಿದ.

ಬೇಗ ಕನ್ನಡ ಕಲಿತಳು, ಆದರೆ ‘ಹೌದು’ ಎನ್ನುವುದಕ್ಕೆ ಕೊನೆಯವರೆಗೂ ಅವರ ಕಡೆಯ ‘ಓಂ’ ಎನ್ನುವುದನ್ನು ಬಿಡಲಿಲ್ಲ. ಗೋವಿಂದರಾಜು ಬಂದಾಗಲೆಲ್ಲ ಅವಳನ್ನು ರೇಗಿಸುತ್ತಿದ್ದ.

“ಏನವ್ವಾ, ನಿಮ್ಮ ಅಸು ಇನ್ನೂ ಈದಿಲ್ವಾ?”

“ಇನ್ನೂ ಇಲ್ಲ ಅಣ್ಣೈ,” ಎಂದು ಅವಳೂ ನಗುತ್ತಿದ್ದಳು. “ಈದ್ರೆ ಮೊದಲ ಗಿಣ್ಣು ನಿಮ್ಗೇ.”

*

ನಾಗಲಿಂಗಂ ಚೀಲದಿಂದ ಸೀರೆ ತೆಗೆದು ಮಾದಮ್ಮನ ಮುಂದಿಟ್ಟ. ಕೆಂಪು ಅಂಚಿನ ಹಳದಿ ಸೀರೆ. ಕ್ಯಾಂಪಿನಲ್ಲಿ ಯಾವ ಹೆಂಗಸು ಸತ್ತರೂ ಎಲ್ಲರೂ ಸೇರಿ ಕೋಡಿ ತರುತ್ತಾರೆ, ಅಲ್ಲಿ ಎಲ್ಲರಿಗೂ ಎಲ್ಲರೂ ತವರಿನವರೇ ಎಂದು ತನ್ನ ಕಡೆಯ ತಮಿಳಿನಲ್ಲಿ ವಿವರಿಸಿದ. ಆಮೇಲೆ ಸುತ್ತ ನಿಂತವರ ಕಡೆ ತಿರುಗಿ, ಕೂಲಿಗೆ ಹೋಗಿ ಕಲಿತ ಕನ್ನಡದಲ್ಲಿ ಹೇಳಿದ:

“ಸೀರೆ ತಂದಿದೀವಿ. ತಟ್ಟೆ ಮಾತ್ರ ನಾವು ಯಾರೂ ಹಿಡಿಯೋದಿಲ್ಲ.”

“ಯಾಕಪ್ಪಾ?” ಎಂದಳು ಮಾದಮ್ಮ.

ಉತ್ತರ ಕೊಟ್ಟವಳು ಇಂದುಜಾ. ತವಮಣಿಯ ಒಬ್ಬಳೇ ಮಗಳು. ಸೇಲಂಗೆ ಮದುವೆ ಮಾಡಿಕೊಟ್ಟ ಹುಡುಗಿ, ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು.

“ಅಮ್ಮ ಸೊಲ್ಲಿ ಇಟ್ಟವ್ರೆ ಅಜ್ಜೀ. ನಾನು ಸತ್ರೆ ರಾಸಾ ಮಾಮನ ಜಾಗದಾಗೆ ಯಾರೂ ನಿಂತ್ಕಬಾರ್ದು ಅಂತ. ನಿಂತ್ರೆ ಮಾಮ ಇಲ್ಲ ಅಂತ ಊರಿಗೇ ತಮಟೆ ಒಡ್ದು ಏಳ್ದಂಗೆ. ಯಾರೂ ವೇಣಾಂ, ಬ್ಯಾಡ.”

ನಾಗಲಿಂಗಂ ತಲೆಯಾಡಿಸಿದ. “ನನ್ನ ಹತ್ರಾನೂ ಸತ್ಯ ಮಾಡಿಸ್ಕಂಡವ್ಳೆ. ಅಲ್ದೆ ನಾನು ಆ ದೋಣೀಲಿ ಇದ್ದೋನು. ‘ರಾಸಾ, ಹತ್ತು, ಹತ್ತು’ ಅಂತ ಕೂಗ್ದೋನು. ಅವನು ಬರಲ್ಲ ಅಂತ ನನ್ನ ಕೈಯಾರೆ ನಾನು ಎಂಗೆ ಹೇಳ್ಲಿ?”

ಅವನು ಹೇಳಿದ್ದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಅಣ್ಣನಿದ್ದೂ ಬೇರೆಯವನು ಕೋಡಿ ತರುವುದಿಲ್ಲ. ಬೇರೆಯವನು ತಂದನೆಂದರೆ ಅಣ್ಣ ಸತ್ತಂತೆ ಲೆಕ್ಕ, ತವರಿನ ಬಾಗಿಲು ಮುಚ್ಚಿದಂತೆ. ಯುದ್ಧ ನಿಂತ ಮೇಲೆ ಕ್ಯಾಂಪಿನಿಂದ ಅಲ್ಲಿಗೆ ಹೋಗಿ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಹಳ್ಳಿಯಿದ್ದ ಕಡೆ ಬಾವಿ ಬಿಟ್ಟರೆ ಏನೂ ಇಲ್ಲ, ಕಾಡು ಬೆಳೆದಿದೆ ಎಂದರು ಕೆಲವರು. ಅವನಂಥವನೊಬ್ಬನನ್ನು ವವುನಿಯಾದಲ್ಲಿ ಸೇನೆ ಜನರನ್ನು ಕೂಡಿಹಾಕಿದ್ದ ಮುಳ್ಳುತಂತಿಯ ಒಳಗೆ ನೋಡಿದೆವು ಎಂದರು ಇನ್ನು ಕೆಲವರು. ಇದ್ದಾನೆ ಎನ್ನುವುದಕ್ಕೂ ಆಧಾರವಿಲ್ಲ, ಸತ್ತ ಎನ್ನುವುದಕ್ಕೂ ಆಧಾರವಿಲ್ಲ. ತವಮಣಿ ಆ ಎರಡರ ನಡುವೆಯೇ ಬದುಕಿದ್ದಳು.

“ಬದುಕಿದ್ದಾಗ ಆಡಿದ ಮಾತು ಬದುಕಿರೋರ್ಗೆ ಕಣವ್ವಾ,” ಎಂದಳು ಮಾದಮ್ಮ, ಇಂದುಜಾಳ ಬೆನ್ನು ಸವರುತ್ತ. “ಮುತ್ತೈದೇನ ತವರಿಲ್ಲದೋಳಂಗೆ ಕಳ್ಸಾಕಾಯ್ತದಾ? ನಾನು ಕಣ್ಣಾರೆ ನೋಡ್ಕಂಡು ಸುಮ್ಕಿರಾಕಿಲ್ಲ. ಯಾರೋ ಯಾಕೆ? ನಾದ್ನಿ ಗಂಡ ಅಣ್ಣನ ವರಸೆ. ಅಳಿಯಾ, ನೀನೇ ತಟ್ಟೆ ತಗಂಡು ಬಾ.”

ಎಲ್ಲರೂ ಗೋವಿಂದರಾಜುವಿನ ಕಡೆ ನೋಡಿದರು. ಅವನ ಎದೆ ಝಲ್ಲೆಂದಿತು. ಹೆದರಿಕೆಗಲ್ಲ, ಆಸೆಗೆ. ಇಪ್ಪತ್ತೈದು ವರ್ಷದ ಹಿಂದೆ ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದ ಜಾಗಕ್ಕೆ ಈಗ ಕರೆದು ಕೂರಿಸುತ್ತಿದ್ದರು.

*

ಇಂದುಜಾಗೆ ಮೂರು ತುಂಬಿದಾಗ ಕಿವಿ ಚುಚ್ಚುವ ಶಾಸ್ತ್ರ ಇಟ್ಟುಕೊಂಡಿದ್ದರು. ಮಗು ಸೋದರಮಾವನ ತೊಡೆಯ ಮೇಲೆ ಕೂತರೇ ಆಚಾರಿ ಸೂಜಿ ಎತ್ತಿಕೊಳ್ಳುವುದು. ಅಲ್ಲಿ ಕೂರುವವನು ತಾನೇ ಎಂದು ಗೋವಿಂದರಾಜು ಯಾರನ್ನೂ ಕೇಳದೆ ತೀರ್ಮಾನ ಮಾಡಿಕೊಂಡಿದ್ದ. ಮಗು ಅವನನ್ನು ಮಾಮ ಎಂದೇ ಕರೆಯುತ್ತಿತ್ತು, ಇನ್ನೇನು ಬೇಕು? ಪಾಲಕೋಡಿನಲ್ಲಿ ಬಿಳಿ ಅಂಗಿ ಹೊಲಿಸಿದ. ತಟ್ಟೆಯಲ್ಲಿ ಲಂಗ, ಬಳೆ, ಬೆಲ್ಲ, ಬಾಳೆಹಣ್ಣು ಜೋಡಿಸಿಕೊಂಡು ಮದುವಣಿಗನ ಹಾಗೆ ಬಂದು ಬಾಗಿಲಲ್ಲಿ ನಿಂತ.

ತವಮಣಿ ಎದುರು ಬಂದು ತಟ್ಟೆಯನ್ನು ನೋಡಿದಳು, ಅಂಗಿಯನ್ನು ನೋಡಿದಳು. ಅವಳಿಗೆ ತಿಳಿಯಿತು.

“ಅಣ್ಣೈ, ನೀ‌ವು ಮನೆ ಅಳಿಯನಾಗಿ ಬನ್ನಿ. ಎಲ್ಲಾರನ್ನೂ ನೀವೇ ಬಾ ಅನ್ನಿ, ನೀವೇ ಊಟಕ್ಕೆ ಕೂರ್ಸಿ. ಆ ಮಣೆ ಮಾತ್ರ ನಮ್ಮಣ್ಣಂದು.”

ಒಳಗೆ ಮಣೆಯ ಮೇಲೆ ಒಂದು ಹೊಸ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದಳು. ‘ಬಾ, ಮಾಮನ ಮಡಿಲಲ್ಲಿ ಕೂತ್ಕೋ,’ ಎಂದು ಮಗುವನ್ನು ಅದರ ಮೇಲೆ ಕೂರಿಸಿದಳು. ಆಚಾರಿ ಒಂದು ಕ್ಷಣ ಅವಳ ಮುಖ ನೋಡಿ ಸೂಜಿ ಕೈಗೆತ್ತಿಕೊಂಡ. ಮಗು ಕಿರುಚಿ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು.

ಅಷ್ಟು ಜನರ ಮುಂದೆ ಗೋವಿಂದರಾಜುವಿಗೆ ಮುಖಕ್ಕೆ ಹೊಡೆದಂತಾಗಿತ್ತು. ಊಟಕ್ಕೆ ಕೂರದೆ ಬಸ್ಸು ಹತ್ತಿದ. ಸಂಜೆಗೆ ಅದೇ ಬಸ್ಸಿನ ಕಂಡಕ್ಟರ್ ಒಂದು ದೊಡ್ಡ ಟಿಫನ್ ಕ್ಯಾರಿಯರ್ ತಂದು ಅವನ ಮನೆಯ ಜಗುಲಿಯ ಮೇಲಿಟ್ಟು ಹೋದ. ಒಬ್ಬಟ್ಟು, ಪಾಯಸ, ಅವನಿಗೆ ಇಷ್ಟವೆಂದು ಹುಳಿಯವಲಕ್ಕಿ. “ನಾಯಿಗೆ ಹಾಕು ಅದನ್ನ,” ಎಂದು ಗಂಗಾಲಕ್ಷ್ಮಿಯ ಮೇಲೆ ಹಾರಿದ. ಅವಳು ದನ ಕಟ್ಟಲು ಹಿತ್ತಿಲಿಗೆ ಹೋದಾಗ ಒಬ್ಬನೇ ಕೂತು ಕ್ಯಾರಿಯರಿನ ತಳ ಕಾಣುವವರೆಗೆ ತಿಂದ.

*

“ಬಾವ,” ಎಂದ ತಿಮ್ಮರಾಜು. ಗಾಜು ಒರೆಸುತ್ತಿದ್ದ ಟವೆಲನ್ನು ಕೆಳಗಿಟ್ಟ. “ಅವಳ್ನ ಬರಿದಾಗಿ ಕಳ್ಸಬ್ಯಾಡಿ. ಮಂದಿ ಮುಂದೆ ಒಂದು ದಿನಾನೂ ತಲೆ ತಗ್ಗಿಸ್ದೋಳಲ್ಲ.”

ಅಷ್ಟು ಸಾಕಾಯಿತು ಗೋವಿಂದರಾಜುವಿಗೆ. ಮಾದಮ್ಮ ಸೀರೆಯನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು, ಅರಿಸಿನ ಕುಂಕುಮ ಹೂವು ಇಟ್ಟು ಅವನ ಕೈಗೆ ಕೊಟ್ಟಳು. ಕೋಡಿ ಮನೆಯ ಒಳಗಿಂದ ಹುಟ್ಟಬಾರದು, ಬೀದಿಯ ತುದಿಯಿಂದಲೇ ಬರಬೇಕು. ಅದಕ್ಕೆ ತಟ್ಟೆಯ ಮೇಲೆ ಟವೆಲು ಮುಚ್ಚಿಕೊಂಡು ಹಿತ್ತಿಲ ಬಾಗಿಲಿಂದ ಹೊರಟ. ಹೋಗುವಾಗ ಇಂದುಜಾ ಅವನನ್ನು ತಡೆಯಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು, ಅಷ್ಟೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

“ಯಾವ ತುದಿ ಅಣ್ಣ?” ಎಂದು ಚಿನ್ನರಾಜ್ ಮತ್ತೆ ಕೇಳಿದ.

“ಅಣೆಕಟ್ಟಿನ ಕಡೆ.”

ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಅವಳು ಮೊದಲ ಸಲ ಬಂದದ್ದು ಆ ಕಡೆಯಿಂದ, ಅದಕ್ಕಿರಬೇಕು. ಹಿತ್ತಿಲುಗಳ ಹಿಂದಿನ ದಾರಿಯಲ್ಲಿ ನಡೆಯುತ್ತಾ ಅಂಗಿಯ ಗುಂಡಿ ಸರಿಮಾಡಿಕೊಂಡ. ಸಾವಿನ ಮನೆಯಲ್ಲಿ ಹೀಗನ್ನಿಸಬಾರದು, ಆದರೆ ಅನ್ನಿಸಿತು. ಅವನಿಗೆ ಸಂತೋಷವಾಗಿತ್ತು. ಕೊನೆಗೂ ತಾನು ಅವಳಿಗೆ ಅಣ್ಣನಾದೆ, ಇನ್ನು ಯಾರೂ ಅದನ್ನು ಅಲ್ಲ ಅನ್ನುವಂತಿಲ್ಲ. ಆ ಸಂತೋಷದಲ್ಲೇ ನಾಲ್ಕು ಹೆಜ್ಜೆ ನಡೆದ, ಆಮೇಲೆ ಅವನಿಗೆ ತಡೆಯಲಾರದಷ್ಟು ಅಳು ಬಂತು.

*

ಯುದ್ಧ ಮುಗಿಯಿತೆಂದು ಟೀವಿಯಲ್ಲಿ ಹೇಳಿದ ದಿನ ಅವನು ಪಾಲಕೋಡಿನ ಮಂಡಿಯಲ್ಲಿ ಟೊಮೇಟೊ ಇಳಿಸುತ್ತಿದ್ದ. ಎರಡು ಸಾವಿರದ ಒಂಬತ್ತರ ಮೇ ತಿಂಗಳು. ಟೀ ಅಂಗಡಿಯಲ್ಲಿ ಜನ ಗುಂಪುಗಟ್ಟಿ ನಿಂತಿದ್ದರು. ಪರದೆಯ ಮೇಲೆ ಹೊಗೆ, ಮರಳು, ತಲೆಯ ಮೇಲೆ ಗಂಟು ಹೊತ್ತು ನೀರಿನಲ್ಲಿ ನಡೆದು ಬರುತ್ತಿರುವ ಹೆಂಗಸರು. ಗೋವಿಂದರಾಜು ಲೋಡನ್ನು ಯಾರಿಗೋ ಒಪ್ಪಿಸಿ ಬಸ್ಸು ಹತ್ತಿದ.

ತವಮಣಿ ಜಗುಲಿಯಲ್ಲಿ ಕೂತು ಹುಣಿಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಟೀವಿ ಹಾಕಿರಲಿಲ್ಲ. ಅವನು ಎದುರಿಗೆ ಕೂತ. ರಾಶಿಯಿಂದ ತಾನೂ ಒಂದು ಹಣ್ಣು ಎತ್ತಿಕೊಂಡ. ಅವಳು ಬೀಜ ತೆಗೆಯುವುದನ್ನು ನಿಲ್ಲಿಸದೆ ಕೇಳಿದಳು:

“ಅಣ್ಣೈ, ಹಸು ಎಷ್ಟು ತಿಂಗಳಿಗೆ ಈಯುತ್ತೆ?”

ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಕೊಟ್ಟಿಗೆ ತುಂಬ ದನ ಸಾಕಿದವಳು. ಇಷ್ಟು ವರ್ಷ ಆ ತಮಾಷೆ ಆಡಿದವನು ಗೋವಿಂದರಾಜುವೇ.

“ಒಂಬತ್ತು ತಿಂಗ್ಳು,” ಎಂದ. ಆಮೇಲೆ ಅವಸರವಾಗಿ ಸೇರಿಸಿದ, “ಎಲ್ಲಾ ಅಂಗಲ್ಲ ಕಣವ್ವಾ. ಕೆಲವು ತಡೀತವೆ. ನಮ್ಮ ಕರಿ ಅಸು ದಿನ ತುಂಬಿದ ಮ್ಯಾಲೂ ಕಾಯಿಸ್ಬಿಡ್ತು ಒಂದ್ಸಲ. ಇನ್ನೇನು ಇಲ್ಲ ಅಂದ್ಕಂಡಾಗ ಈದ್ತು.”

“ಓಂ,” ಎಂದಳು ತವಮಣಿ. ಎದ್ದು ಅವನಿಗೆ ಕಾಫಿ ಮಾಡಲು ಒಳಗೆ ಹೋದಳು.

*

ಬೀದಿಯ ತುದಿಯಲ್ಲಿ ಒಂದು ಮೋರಿಯ ಕಟ್ಟೆ ಇದೆ. ಅದರ ಪಕ್ಕದ ಕಂಬಕ್ಕೆ ‘ಕಣ್ಣೀರ್ ಅಂಜಲಿ’ ಎಂದು ತವಮಣಿಯ ಫೋಟೋ ಹಾಕಿದ ಫ್ಲೆಕ್ಸ್ ಕಟ್ಟಿದ್ದರು. ಚಿನ್ನರಾಜ್ ಮತ್ತು ಅವನ ಜತೆಯವರು ಎದುರು ಬಂದು ಸಾಲಾಗಿ ನಿಂತು ತಮಟೆ ಶುರು ಮಾಡಿದರು. ಸದ್ದು ಕೇಳಿ ಬೀದಿಯುದ್ದಕ್ಕೂ ಜನ ಬಾಗಿಲಿಗೆ ಬಂದರು. ಕ್ಯಾಂಪಿನ ಹೆಂಗಸರು ಬೇಲಿಯ ಪಕ್ಕದಲ್ಲಿ ಒಂದು ಗುಂಪಾಗಿ ನಿಂತಿದ್ದರು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಗೋವಿಂದರಾಜು ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು ತಟ್ಟೆಯನ್ನು ಎದೆಯ ಎತ್ತರಕ್ಕೆ ಹಿಡಿದ.

“ನಡೀರಿ ಅಣ್ಣ,” ಎಂದ ಚಿನ್ನರಾಜ್.

ಅವನು ಕದಲಲಿಲ್ಲ. ಒಂದು ಹೆಜ್ಜೆ ಇಟ್ಟರೆ ಅಲ್ಲಿಗೆ ಸಿವರಾಸಾನ ಕಥೆ ಮುಗಿದಂತೆ. ಯುದ್ಧ ಮಾಡಲಾರದ ಕೆಲಸವನ್ನು ಒಂದು ಹಿತ್ತಾಳೆ ತಟ್ಟೆ ಹಿಡಿದು ತಾನು ಮಾಡಿ ಮುಗಿಸಿದಂತೆ. ಅವಳ ಮುಂದೆ ಕೂತು ಕೆಲವು ಹಸು ತಡೆಯುತ್ತವೆ ಎಂದವನು ತಾನೇ ಅಲ್ಲವೇ?

ತಮಟೆ ನಿಂತಿತು. “ಏನಾಯ್ತು?” ಎಂದು ಯಾರೋ ಕೇಳಿದರು.

ಗೋವಿಂದರಾಜು ತಟ್ಟೆಯನ್ನು ಮೋರಿಯ ಕಟ್ಟೆಯ ಮೇಲಿಟ್ಟು ಹಿಂದಕ್ಕೆ ಸರಿದ.

“ನಾನು ಅವಳ ಅಣ್ಣ ಅಲ್ಲ,” ಎಂದ. ಹೇಳಲು ಅವನಿಗೆ ತುಂಬ ಕಷ್ಟವಾಯಿತು. “ಅವಳ್ಗೆ ಅಣ್ಣ ಅವ್ನೆ.”

“ಮತ್ತೆ ಕೋಡಿ?” ಎಂದ ಚಿನ್ನರಾಜ್. “ಒತ್ತು ಮುಳುಗ್ತೈತಲ್ಲ.”

ಗೋವಿಂದರಾಜು ಮನೆಯ ಕಡೆ ನೋಡಿದ. ಬೀದಿಯುದ್ದಕ್ಕೂ ಜನ ನಿಂತಿದ್ದರು, ಮಂಡಿಯಲ್ಲಿ ಲಾರಿಯ ಮುಂದೆ ಕೂಲಿಯವರು ನಿಲ್ಲುವ ಹಾಗೆ. ಅಲ್ಲಿ ಟೊಮೇಟೊ ಕ್ರೇಟು ಲಾರಿಯಿಂದ ಮಂಡಿಯ ಒಳಗಿನವರೆಗೆ ಕೈಯಿಂದ ಕೈಗೆ ಹೋಗುತ್ತದೆ. ಯಾರೂ ಹೊರುವುದಿಲ್ಲ, ಆದರೂ ಕ್ರೇಟು ಒಳಗೆ ಮುಟ್ಟಿರುತ್ತದೆ. ತಂದವನು ಯಾರು ಎಂದು ಇದುವರೆಗೆ ಒಬ್ಬನೂ ಕೇಳಿದ್ದಿಲ್ಲ.

“ಲೋಡ್ ಇಳ್ಸೋವಾಗ ನಿಂತ್ಕತೀವಲ್ಲ, ಅಂಗೆ ಸಾಲಾಗಿ ನಿಂತ್ಕಳ್ರಪ್ಪಾ,” ಎಂದು ಕೂಗಿದ. “ಗಂಡಸ್ರು, ಎಂಗಸ್ರು, ಕ್ಯಾಂಪ್ನೋರು, ಎಲ್ಲಾರೂ. ತಟ್ಟೆ ಕೈಯಿಂದ ಕೈಗೆ ಓಗ್ಲಿ. ಯಾರೂ ಒಂದು ಎಜ್ಜೇನೂ ಇಡಬ್ಯಾಡಿ. ಯಾರ್ ತಂದ್ರು ಅಂತ ನಾಳೆ ಯಾರೂ ಏಳಂಗಿಲ್ಲ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಕದಲಿದ್ದು ಕ್ಯಾಂಪಿನ ಹೆಂಗಸರು. ಅವರ ಪಕ್ಕದಲ್ಲಿ ಊರಿನವರು, ಊರಿನವರ ಪಕ್ಕದಲ್ಲಿ ಮತ್ತೆ ಅವರು, ಹೀಗೆ ಬೀದಿಯುದ್ದಕ್ಕೂ ಸಾಲು ಕಟ್ಟಿತು. ನಡುವೆ ಒಂದು ಕಡೆ ಆಳು ಸಾಲಲಿಲ್ಲ. ತಮಟೆಯವನೊಬ್ಬ ತಮಟೆಯನ್ನು ಹೆಗಲಿಗೆ ಏರಿಸಿಕೊಂಡು ಅಲ್ಲಿ ನಿಂತು ಕೈ ಚಾಚಿದ. ಬೇರೆ ದಿನವಾಗಿದ್ದರೆ ಯಾರಾದರೂ ಏನಾದರೂ ಅನ್ನುತ್ತಿದ್ದರು, ಅವತ್ತು ಯಾರೂ ಬಾಯಿ ತೆರೆಯಲಿಲ್ಲ. ಚಿನ್ನರಾಜ್ ಮತ್ತೆ ಬಡಿಯಲು ಶುರುಮಾಡಿದ. ಹಳದಿ ಸೀರೆಯ ತಟ್ಟೆ ಕಟ್ಟೆಯಿಂದ ಎದ್ದು ಹೊರಟಿತು.

ಗೋವಿಂದರಾಜು ಅದಕ್ಕಿಂತ ಮುಂದೆ ಹಿತ್ತಿಲ ದಾರಿಯಲ್ಲಿ ಓಡಿದ. ಅರವತ್ತೇಳರ ಮುದುಕ ಪಂಚೆ ಎತ್ತಿಕಟ್ಟಿ ಓಡುವುದನ್ನು ನೋಡಿ ಗಂಗಾಲಕ್ಷ್ಮಿ ಗಾಬರಿಯಾದಳು.

“ಒಂದು ಚೊಂಬು ನೀರು ಕೊಡೇ, ಬಿರ್ರನೆ.”

“ಏನಾಯ್ತು? ಕೋಡಿ ಎಲ್ಲಿ?”

“ಬತ್ತೈತೆ. ಅವ್ರೇ ತತ್ತಾವ್ರೆ. ನೀರು ಕೊಡು.”

ಚೊಂಬು ಹಿಡಿದು ಮುಂಬಾಗಿಲ ಕಲ್ಲಿನ ಮೇಲೆ ನಿಂತ. ಕೊನೆಯಲ್ಲಿ ನಿಂತಿದ್ದ ನಾಗಲಿಂಗಂ ತಟ್ಟೆಯನ್ನು ಮಾದಮ್ಮನ ಕಡೆ ಚಾಚಿದ. ಮುದುಕಿ ಏನೋ ಹೇಳಲು ಬಾಯಿ ತೆರೆದಳು. ಆ ಕೊನೆಯಿಂದ ಈ ಕೊನೆಯವರೆಗೆ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ ಬೀದಿಯನ್ನು ನೋಡಿದಳು. ಹೇಳಬೇಕೆಂದಿದ್ದನ್ನು ನುಂಗಿಕೊಂಡು ಎರಡೂ ಕೈಯಿಂದ ತಟ್ಟೆ ತೆಗೆದುಕೊಂಡಳು. ಅವಳ ಹಿಂದೆ ನಿಂತಿದ್ದ ಇಂದುಜಾ ಸೀರೆಯ ಮಡಿಕೆ ಬಿಡಿಸಿ ತಾಯಿಯ ಬಳಿಗೆ ಓಡಿದಳು. ಒಳಗೆ ಹೆಂಗಸರ ಅಳು ಒಟ್ಟಿಗೆ ಎದ್ದಿತು.

ಕೋಡಿ ತಂದವನ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುವುದು ಮನೆಯ ಅಳಿಯನ ಕೆಲಸ. ಗೋವಿಂದರಾಜು ಕಲ್ಲಿನಿಂದ ಒಂದು ಮೆಟ್ಟಿಲು ಕೆಳಗಿಳಿದ. ಅವಳ ಅಣ್ಣ ನಿಲ್ಲಬೇಕಾಗಿದ್ದ ಜಾಗದಲ್ಲಿ ಯಾರೂ ಇರಲಿಲ್ಲ.

“ಬನ್ನಿ,” ಎಂದ ಮೆಲ್ಲಗೆ.

ಬಗ್ಗಿ, ಒಂದು ಕಾಲಿಗೆ ಆಗುವಷ್ಟು ನೀರು ಸುರಿದ. ಸ್ವಲ್ಪ ತಡೆದು, ಇನ್ನೊಂದು ಕಾಲಿಗೂ ಸುರಿದ.